ಮೂರು ತುಂಡಾದ ಬಿರುದು

ನಮ್ಮ ಅಸ್ಕಿಯಾ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಸಭೆಯಲ್ಲಿ ದೊರೆಯ ದನಿ ಯಾರ ಕಿವಿಗೂ ಬೀಳಬಾರದು. ಅವನು ತುಟಿ ಅಲುಗಿಸಿದರೆ ಪಕ್ಕದಲ್ಲಿ ನಿಂತವನು ಅದನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಹಾಗೆ ಕೂಗುವವನಿಗೆ ವನಾದು ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದವನು ನಾನು, ಬರ್ಕ. ನಾನು ಕೂಗಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು. ಅಷ್ಟು ದೊಡ್ಡ ಗಂಟಲಿನಲ್ಲಿ ನನ್ನದು ಎನ್ನುವ ಮಾತು ಒಂದೂ ಇರಲಿಲ್ಲ.

ಇಷ್ಟು ವರ್ಷದಲ್ಲಿ ಆರು ಅಸ್ಕಿಯಾಗಳ ಪಿಸುಮಾತು ಕೇಳಿದ್ದೇನೆ. ಅವರ ಹೆಸರು ಕೇಳಬೇಡಿ. ನೆನಪಿಟ್ಟುಕೊಳ್ಳುವುದು ಆಸ್ಥಾನದ ಹಾಡುಗಾರರ ಕೆಲಸ, ಅವರಿಗೆ ಊಟ ಹಾಕುವುದೇ ಅದಕ್ಕೆ. ಒಬ್ಬನನ್ನು ತಮ್ಮ ಇಳಿಸಿದ, ಆ ತಮ್ಮನನ್ನು ಚಿಕ್ಕಪ್ಪನ ಮಗ ಇಳಿಸಿದ, ಅವನನ್ನು ಇನ್ಯಾರೋ. ಐದನೆಯವನು ತುಂಬಿದ ಸಭೆಯಲ್ಲಿ ಕಾಲ ಬಳಿ ಚೇಳು ಕಂಡು "ಅಯ್ಯಯ್ಯೋ" ಎಂದು ಕಿರುಚಿಬಿಟ್ಟ. ದೊರೆಯ ದನಿ ಹೊರಗೆ ಬಿದ್ದ ಮೇಲೆ ಅವನು ದೊರೆಯಾಗಿ ಉಳಿಯುವುದು ಹೇಗೆ? ಹೊತ್ತು ಮುಳುಗುವುದರೊಳಗೆ ಅವನ ತಮ್ಮ ಗದ್ದುಗೆಯ ಮೇಲಿದ್ದ. ಚೇಳು ಎಲ್ಲಿಂದ ಬಂತು ಎಂದು ಯಾರೂ ವಿಚಾರಿಸಲಿಲ್ಲ. ಆ ತಮ್ಮನೇ ಈ ಕಥೆಯ ಅಸ್ಕಿಯಾ. ಅವನಿಗೂ ನಾಲ್ವರು ತಮ್ಮಂದಿರಿದ್ದರು. ಸಭೆ ನಡೆಯುವಾಗ ನಾಲ್ವರೂ ಅವನ ಬಾಯಿಯನ್ನೇ ನೋಡುತ್ತಾ ಕೂರುತ್ತಿದ್ದರು.

ಅಸ್ಕಿಯಾ ಎಂಬ ಬಿರುದಿನ ಕಥೆಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹಿಂದೆ ಒಬ್ಬ ಸೇನಾಪತಿ ತನ್ನ ದೊರೆಯ ಮಗನನ್ನು ಓಡಿಸಿ ಗದ್ದುಗೆ ಹತ್ತಿದನಂತೆ. ಸುದ್ದಿ ಕೇಳಿದ ಹಳೇ ದೊರೆಯ ಹೆಣ್ಣುಮಕ್ಕಳು ಎದೆ ಬಡಿದುಕೊಂಡು "ಅ ಸಿ ಕಿಯಾ! ಅ ಸಿ ಕಿಯಾ!" ಎಂದು ಕೂಗಿದರಂತೆ. ನಮ್ಮ ಮಾತಿನಲ್ಲಿ ಹಾಗೆಂದರೆ "ಆಗಕೂಡದು" ಎಂದು. ಸೇನಾಪತಿ ಭಂಡ. ಅದನ್ನೇ ನನ್ನ ಬಿರುದಾಗಿ ಇಟ್ಟುಕೊಳ್ಳುತ್ತೇನೆ ಎಂದ. ಅಂದಿನಿಂದ ನಮ್ಮ ದೊರೆಗಳೆಲ್ಲ ಆ ಬೈಗುಳವನ್ನು ಕಿರೀಟದ ಹಾಗೆ ತಲೆಯ ಮೇಲೆ ಹೊತ್ತು ತಿರುಗುತ್ತಾರೆ. ಹೇಳಿ ಹೇಳಿ ಮಾತು ಸವೆದು, ಒಳಗಿನ ಅರ್ಥ ಯಾರಿಗೂ ಕೇಳಿಸುತ್ತಿರಲಿಲ್ಲ. ವನಾದು ಏನೇ ಕೂಗಲಿ, ಮೊದಲು "ಅಸ್ಕಿಯಾ" ಎಂದು ಹೇಳಿ, ಒಂದು ಉಸಿರು ತೆಗೆದುಕೊಂಡು, ಆಮೇಲೆ ದೊರೆಯ ಮಾತನ್ನು ಹೇಳಬೇಕು. ನಾನು ಅದನ್ನು ದಿನಕ್ಕೆ ಐವತ್ತು ಸಲ ಹೇಳುತ್ತಿದ್ದೆ.

ಆಗ ನಾವೆಲ್ಲ ದೆಂಡಿ ಸೀಮೆಯ ಲುಲಾಮಿಯಲ್ಲಿದ್ದೆವು. ಬೇರೆ ಎಲ್ಲೂ ಇರಲು ಜಾಗವಿರಲಿಲ್ಲ. ನನ್ನ ಅಪ್ಪನ ಕಾಲದಲ್ಲಿ ಮರಳುಗಾಡು ದಾಟಿ ಕೋವಿಯವರು ಬಂದಾಗ ನಮ್ಮ ಹಿರಿಯರು ತೊಂದಿಬಿಯ ಬಯಲಿನಲ್ಲಿ ಅವರ ಎದುರಿಗೆ ಸಾವಿರ ದನಗಳನ್ನು ನುಗ್ಗಿಸಿದರು. ಮೊದಲ ಗುಂಡಿನ ಸದ್ದಿಗೇ ದನಗಳು ಹಿಂದಕ್ಕೆ ತಿರುಗಿ ನಮ್ಮವರನ್ನೇ ತುಳಿದವು. ಓಡಿಹೋಗಬಾರದೆಂದು ಕಾಲು ಕಟ್ಟಿಕೊಂಡು ಗುರಾಣಿಯ ಮೇಲೆ ಕುಳಿತಿದ್ದ ವೀರರು ಕುಳಿತಲ್ಲೇ ಸತ್ತರು. ಕಾಲು ಕಟ್ಟಿಕೊಳ್ಳದ ದೊರೆಗಳು ಬದುಕಿಕೊಂಡರು. ರಾಜಧಾನಿ ಗಾವೊ ಹೋಯಿತು, ಟಿಂಬಕ್ಟು ಹೋಯಿತು, ಜೆನ್ನೆ ಹೋಯಿತು. ಹೋಗದೆ ಉಳಿದದ್ದು ಬಿರುದುಗಳು ಮಾತ್ರ. ಕುರ್ಮಿನಾ ಸೀಮೆಯ ಒಡೆಯ, ಕಬಾರಾ ರೇವಿನ ಒಡೆಯ, ದೋಣಿ ಪಡೆಯ ಒಡೆಯ ಎಲ್ಲರೂ ನಮ್ಮ ಸಭೆಯಲ್ಲಿದ್ದರು. ಒಬ್ಬನೂ ತನ್ನ ಸೀಮೆಯನ್ನು ಕಣ್ಣಿನಿಂದ ಕಂಡವನಲ್ಲ. ದೋಣಿ ಪಡೆಯ ಒಡೆಯನಿಗೆ ನೀರು ಕಂಡರೆ ತಲೆ ಸುತ್ತು. ಆದರೂ ಯಾರು ಯಾರಿಗಿಂತ ಮುಂದೆ ಕೂರಬೇಕು ಎಂದು ತಿಂಗಳಿಗೊಮ್ಮೆ ಕೈಕೈ ಮಿಲಾಯಿಸುತ್ತಿದ್ದರು.

ಗಾವೊದ ವೈಭವದ ದಿನಗಳಲ್ಲಿ ಅಸ್ಕಿಯಾ ಉಗುಳಿದರೆ ಹಿಡಿಯಲು ಏಳುನೂರು ಸೇವಕರು ತೋಳು ಚಾಚಿ ನಿಲ್ಲುತ್ತಿದ್ದರಂತೆ. ಲುಲಾಮಿಯಲ್ಲಿ ಒಬ್ಬ ಮುದುಕ ಉಳಿದಿದ್ದ, ಅವನೂ ತೂಕಡಿಸುತ್ತಿದ್ದ. ಅಸ್ಕಿಯಾ ಪಾಪ, ಅವನು ಏಳುವವರೆಗೆ ಉಗುಳನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದ. ದೊರೆಯ ಮುಂದೆ ಬಂದವರೆಲ್ಲ ತಲೆಯ ಮೇಲೆ ಮಣ್ಣು ಸುರಿದುಕೊಳ್ಳಬೇಕು; ಮುಂಚೂಣಿಯ ದಳಪತಿಗೆ ಮಾತ್ರ ಮಣ್ಣಿನ ಬದಲು ಹಿಟ್ಟು ಸುರಿದುಕೊಳ್ಳುವ ಮರ್ಯಾದೆ. ಹಸಿವಿನ ಕಾಲ ಬಂದರೂ ಆ ಮನುಷ್ಯ ಮರ್ಯಾದೆ ಬಿಡಲಿಲ್ಲ. ಮನೆಗೆ ಹೋದ ಮೇಲೆ ಅವನ ಹೆಂಡತಿ ಅವನ ತಲೆಯನ್ನು ಮೊರದ ಮೇಲೆ ಬಗ್ಗಿಸಿ ಕೊಡವಿ, ಬಿದ್ದ ಸಜ್ಜೆಹಿಟ್ಟಿನಲ್ಲಿ ಅಂಬಲಿ ಕಾಯಿಸುತ್ತಿದ್ದಳು. ಅವರ ಮನೆಯ ಅಂಬಲಿಯಲ್ಲಿ ಕೂದಲು ಸಿಗುತ್ತಿತ್ತು ಎಂದು ಕೇಳಿದ್ದೇನೆ.

ಇಂಥ ರಾಜ್ಯದಲ್ಲಿ ಕೋವಿಯವರ ಜೊತೆ ಕಾದಾಡುತ್ತಿದ್ದವರು ಯಾರು ಎಂದರೆ ಮೀನು ಹಿಡಿಯುವವರು.

ನನ್ನ ತಾಯಿ ಮೀನುಗಾರರ ಕುಲದವಳು. ತಂಗಿ ಕಸ್ಸೇಯನ್ನು ತಾಯಿಯ ಊರಿಗೇ ಮದುವೆ ಮಾಡಿಕೊಟ್ಟಿದ್ದೆವು. ಗಂಡ ನೀರುಕುದುರೆಯ ಬಾಯಿಗೆ ಸಿಕ್ಕಿ ಸತ್ತ ಮೇಲೆ ಅವನ ದೋಣಿಯನ್ನು ಅವಳೇ ನಡೆಸುತ್ತಿದ್ದಳು. ಆ ವರ್ಷ ಮಳೆಗೆ ಮುಂಚೆ ಕೋವಿಯವರ ಮೂರು ದೊಡ್ಡ ದೋಣಿಗಳು ದೆಂಡಿಯ ಕಡೆಗೆ ಇಳಿದು ಬಂದವು. ಮುಂದೆ ಬಂಡೆಗಳ ನಡುವೆ ಹೊಳೆ ಧುಮುಕುವ ಜಾಗ, ದಾರಿ ಗೊತ್ತಿದ್ದವರು ಬೇಕು. ದಡದ ಊರಿಗೆ ಬಂದು, ದೋಣಿ ನಡೆಸುವವರು ಯಾರಿದ್ದೀರಿ ಎಂದು ಕೇಳಿದರು. ಕಸ್ಸೇ ಮತ್ತೆ ಎಂಟು ಜನ ಗಳ ಹಿಡಿದು ಹತ್ತಿದರು. ಬಹಳ ಮರ್ಯಾದೆಯಿಂದ ಮೂರೂ ದೋಣಿಗಳನ್ನು ಬಂಡೆಗಳ ಬಾಯಿಗೆ ಒಯ್ದು ಬಿಟ್ಟು, ನೀರಿಗೆ ಹಾರಿ ಈಜಿಕೊಂಡು ಬಂದರು. ನಲವತ್ತು ಕೋವಿಗಳು ತಳ ಸೇರಿದವು. ಅವುಗಳನ್ನು ಹಿಡಿದಿದ್ದವರೂ.

ಸುದ್ದಿ ಬಂದಾಗ ಸಭೆ ಸಂತೋಷಪಡಬಹುದು ಎಂದು ನಾನು ತಿಳಿದಿದ್ದೆ. ದೋಣಿ ಪಡೆಯ ಒಡೆಯ ಎದ್ದು ನಿಂತು, ಹೊಳೆಯ ಮೇಲಿನ ಯುದ್ಧವೆಲ್ಲ ತನ್ನ ಹಕ್ಕು, ತನ್ನನ್ನು ಕೇಳದೆ ಮಾಡಿದ್ದು ಅಪಚಾರ ಎಂದು ದೂರು ಕೊಟ್ಟ. ಆ ದೂರನ್ನು ಮೂರು ದಿನ ವಿಚಾರಣೆ ಮಾಡಿದರು.

ಎರಡು ತಿಂಗಳಾದ ಮೇಲೆ ಟಿಂಬಕ್ಟುವಿನಿಂದ ರಾಯಭಾರಿ ಬಂದ. ಅಲ್ಲಿ ಪಾಶಾ ಎನ್ನುವ ಕೋವಿಯವರ ಯಜಮಾನ ತನಗೆ ಬೇಕಾದ ಒಬ್ಬ ಅಸ್ಕಿಯಾನನ್ನು ಇಟ್ಟುಕೊಂಡಿದ್ದ. ನಮ್ಮ ಅಸ್ಕಿಯಾನ ದಾಯಾದಿಯೇ. ಅವನ ವನಾದು ತಿಲಿತಿಯೇ ಈ ರಾಯಭಾರಿ, ನನ್ನ ದಾಯಾದಿ. ನಾವಿಬ್ಬರೂ ನನ್ನ ಅಪ್ಪನ ಹತ್ತಿರವೇ ಕೂಗುವುದನ್ನು ಕಲಿತವರು. ತಿಲಿತಿ ರೇಷ್ಮೆಯ ಮುಂಡಾಸು ಸುತ್ತಿಕೊಂಡು, ಹದಿನಾರು ಜನರ ಕೈಲಿ ಒಂದು ಭಾರಿ ನಗಾರಿ ಹೊರಿಸಿಕೊಂಡು ಬಂದಿದ್ದ. ಗಾವೊದ ಅರಮನೆಯ ನಗಾರಿ ಅದು. ಅದರ ಸದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಅದರ ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಮೂರು ದೋಣಿ ಮುಳುಗಿಸಿದ ಒಂಬತ್ತು ಜನರನ್ನು ಒಪ್ಪಿಸಿದರೆ ನಗಾರಿ ನಿಮ್ಮದು, ಪಾಶಾ ನಿಮ್ಮನ್ನು ದಕ್ಷಿಣದ ಅಸ್ಕಿಯಾ ಎಂದು ಒಪ್ಪುತ್ತಾರೆ ಎಂದು ಹೇಳಿದ. ಶುಕ್ರವಾರದ ಸಭೆಯಲ್ಲಿ ಉತ್ತರ ಬೇಕು ಎಂದ.

ನಮ್ಮ ಅಸ್ಕಿಯಾ ಆ ನಗಾರಿಯನ್ನು ನೋಡಿದ ರೀತಿ ನಾನು ಮರೆಯುವುದಿಲ್ಲ. ಎಳೆಮಗು ಬೆಲ್ಲ ನೋಡಿದ ಹಾಗೆ ನೋಡಿದ. ಒಳಗೆ ಕರೆದು ನನಗೆ ಹೇಳಿದ:

"ನೋಡು ಬರ್ಕ, ಹೊಳೆ ತುಂಬಾ ಮೀನುಗಾರರು ಇದಾರೆ. ನಗಾರಿ ಇರೋದು ಒಂದೇ."

"ಅದರಲ್ಲಿ ಒಬ್ಬಳು ನನ್ನ ತಂಗಿ, ಒಡೆಯಾ."

"ಹೌದಾ?" ಎಂದು ಅವನು ನಿಜವಾಗಿಯೂ ಬೇಸರಪಟ್ಟುಕೊಂಡ. "ಹಂಗಾದ್ರೆ ಶುಕ್ರವಾರ ನಿನಗೆ ಕಷ್ಟ ಆಗತ್ತೆ. ಜೇನುತುಪ್ಪ ಕುಡಿದು ಬಾ. ಗಂಟಲು ಕೈಕೊಡಬಾರದು."

ಅಷ್ಟು ಕರುಣೆ ತೋರಿಸಿದ ದೊರೆಯನ್ನು ನಾನು ಬೇರೆ ಕಂಡಿಲ್ಲ.

ಒಂಬತ್ತು ಜನರಿಗೂ ಕರೆ ಹೋಗಿತ್ತು. ಶುಕ್ರವಾರ ಬೆಳಿಗ್ಗೆ ಕಸ್ಸೇ ನೇರವಾಗಿ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಬೆಂಡೆಕಾಯಿ ಸಾರು, ಸಜ್ಜೆ ಮುದ್ದೆ ಬಡಿಸಿ, ಅಳು ತಡೆಯಲಾರದೆ ಒಳಗೆ ಹೋದಳು. ಕಸ್ಸೇ ಹೊಟ್ಟೆ ತುಂಬಾ ಉಂಡು ಬೆರಳು ನೆಕ್ಕಿದಳು.

"ಅಣ್ಣಾ, ಇವತ್ತು ನನ್ನ ಕುತ್ತಿಗೆ ವಿಷಯ ನೀನೇ ಕೂಗಿ ಹೇಳೋದಂತೆ?"

"ನಾನು ಹೇಳೋದಲ್ಲ ಕಣೇ. ಒಡೆಯರು ಹೇಳ್ತಾರೆ. ನಾನು ಕೂಗ್ತೀನಿ ಅಷ್ಟೆ."

"ಹಂಗಾದ್ರೆ ಈ ಬಾಯಿ ನಿಂದಲ್ವಾ?"

"ಅರಮನೇದು."

"ಊಟ ಯಾವ ಬಾಯಲ್ಲಿ ಮಾಡ್ತೀಯಾ?"

ನಾನು ಹಿತ್ತಿಲ ಬಾಗಿಲು ತೆರೆದೆ. "ಓಡಿಹೋಗು ಕಸ್ಸೇ," ಎಂದೆ. "ಹಿತ್ತಿಲಿಂದ ಹೊಳೆಗೆ ಹತ್ತಿರ. ನಾನು ನೋಡಲಿಲ್ಲ ಅಂತೀನಿ."

"ಓಡಿದ್ರೆ ಊರಿಗೆ ಬೆಂಕಿ ಇಡ್ತಾರೆ. ಕೋವಿಯೋರಲ್ಲ, ನಮ್ಮೋರೇ ಇಡ್ತಾರೆ, ಆ ಚರ್ಮದ ಡಬ್ಬಿ ಆಸೆಗೆ." ಅವಳು ಕೈ ತೊಳೆದುಕೊಂಡಳು. "ಮೂರು ದೋಣಿ ಮುಳುಗಿಸೋವಾಗ ಎಷ್ಟು ಖುಷಿಯಾಯ್ತು ಗೊತ್ತಾ? ಒಬ್ಬ ಕೋವಿಯೋನು ನೀರಲ್ಲಿ ಮುಳುಗ್ತಾ ನನ್ನನ್ನ ಅಕ್ಕಾ ಅಂದ. ಆಗ ನೆನಪಾಯ್ತು ನೋಡು ಅವನಿಗೆ ನಮ್ಮ ಮಾತು." ನಕ್ಕಳು. ಆಮೇಲೆ ನಗು ನಿಂತಿತು. "ಒಂದು ಕೇಳ್ತೀನಿ ಅಣ್ಣಾ. ಬೇಗ ಕೂಗಿ ಮುಗಿಸಿಬಿಡು. ಎಳೀಬೇಡ. ಅಂಥದ್ದನ್ನ ಕಾಯ್ತಾ ನಿಲ್ಲೋಕೆ ನನಗೆ ಆಗಲ್ಲ."

ಎಳೆಯುವುದಿಲ್ಲ ಎಂದು ಮಾತು ಕೊಟ್ಟೆ. ತಂಗಿಗೆ ನಾನು ಕೊಡಬಲ್ಲದ್ದು ಅಷ್ಟೇ ಆಗಿತ್ತು. ನನ್ನ ಬಗ್ಗೆ ನನಗೆ ಅಸಹ್ಯವಾಯಿತು.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸಭೆ ಸೇರಿತು. ಇಲ್ಲದ ಸೀಮೆಗಳ ಒಡೆಯರೆಲ್ಲ ಮುಂದಿನ ಸಾಲಿನಲ್ಲಿ. ದಳಪತಿಯ ತಲೆಯ ಮೇಲೆ ಹಿಟ್ಟು. ಮೂಲೆಯಲ್ಲಿ ದೆಂಡಿ-ಫಾರಿ, ಅಂದರೆ ದೆಂಡಿ ಸೀಮೆಯ ಒಡೆಯ. ಇಡೀ ಸಭೆಯಲ್ಲಿ ತನ್ನ ಸೀಮೆಯನ್ನು ನಿಜವಾಗಿ ಆಳುತ್ತಿದ್ದವನು ಅವನೊಬ್ಬನೇ. ಅದಕ್ಕೇ ಅವನನ್ನು ಕಂಡರೆ ಉಳಿದವರಿಗೆ ತಾತ್ಸಾರ. ಕೈಗೆ ಸಿಗುವ ಸೀಮೆಯದೂ ಒಂದು ಬಿರುದೇ ಎನ್ನುತ್ತಿದ್ದರು. ದೊರೆಯ ಎದುರಿಗೆ ಮುಚ್ಚುಮರೆಯಿಲ್ಲದೆ ಮಾತನಾಡುವ ಹಕ್ಕು ಹಿಂದಿನಿಂದಲೂ ದೆಂಡಿ-ಫಾರಿಗೆ ಇದೆ. ಬೆಳಿಗ್ಗೆ ಅರಮನೆಯ ಒಳಗೆ ಅದನ್ನು ಬಳಸಿ, ಜನರನ್ನು ಮಾರಬೇಡ ಎಂದು ಹೇಳಿ ಬೈಸಿಕೊಂಡು ಬಂದಿದ್ದ. ಹೇಳುವ ಹಕ್ಕು ಅವನದು, ನಿರ್ಧಾರ ಅಸ್ಕಿಯಾನದು. ಅಸ್ಕಿಯಾನ ಒಂದು ಮಾತಿಲ್ಲದೆ ಅವನು ಒಬ್ಬ ಆಳನ್ನೂ ಕದಲಿಸುವಂತಿರಲಿಲ್ಲ.

ಅಂಗಳದಲ್ಲಿ ಒಂಬತ್ತು ಜನ ಬಿಸಿಲಿಗೆ ಕುಳಿತಿದ್ದರು. ಅವರ ಹಿಂದೆ ಬೇಲಿಯ ಆಚೆ ಊರಿಗೆ ಊರೇ ನಿಂತಿತ್ತು.

ತಿಲಿತಿ ಪಾಶಾನ ಮಾತನ್ನು ಇನ್ನೊಮ್ಮೆ ಕೂಗಿದ. ಅವನ ಗಂಟಲು ಇನ್ನೂ ಚೆನ್ನಾಗಿತ್ತು. ಅಸ್ಕಿಯಾ ನನ್ನ ಕಡೆ ವಾಲಿದ. ನಾನು ಬಲಗಿವಿ ಕೊಟ್ಟೆ.

"ಕೊಟ್ಟಿದೀನಿ, ಕರಕೊಂಡು ಹೋಗಿ ಅನ್ನು," ಎಂದು ಪಿಸುಗುಟ್ಟಿದ. "ನಗಾರಿ ಇಲ್ಲೇ ಇಳಿಸಿ ಹೋಗಲಿ, ಅದನ್ನೂ ಹೇಳು."

ನಾನು ಎದ್ದು ನಿಂತೆ. ಎಳೆಯಬಾರದು, ಬೇಗ ಮುಗಿಸಬೇಕು ಎಂದುಕೊಂಡು ಎದೆ ತುಂಬಾ ಉಸಿರು ತೆಗೆದುಕೊಂಡೆ. ಆಗ ಕಸ್ಸೇಯನ್ನು ನೋಡಿದೆ. ಅವಳು ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಕುಳಿತಿದ್ದಳು. ಚಿಕ್ಕವಳಿದ್ದಾಗ ಗುಡುಗಿಗೆ ಹಾಗೆ ಮುಚ್ಚಿಕೊಳ್ಳುತ್ತಿದ್ದಳು.

"ಅ..." ಎಂದೆ. ಕೆಮ್ಮು ಬಂತು.

"ಸಿ..." ಎಂದೆ. ಮತ್ತೆ ಕೆಮ್ಮು.

"ಕಿಯಾ," ಎಂದೆ. ಗಂಟಲು ಕಟ್ಟಿ ನಿಂತುಹೋಯಿತು.

ಅದು ಕೆಮ್ಮೇ ಎಂದು ನಾನು ಈಗಲೂ ಹೇಳುತ್ತೇನೆ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ. ಜೇನುತುಪ್ಪ ಕುಡಿಯಲು ಮರೆತಿದ್ದೆ.

ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಸಲ ಕೇಳಿದ ಬಿರುದು ಮೂರು ತುಂಡಾಗಿ ಬಿದ್ದ ಕೂಡಲೇ, ಅದರ ಒಳಗೆ ಸತ್ತು ಮಲಗಿದ್ದ ಮಾತು ಎದ್ದು ಕುಳಿತಿತ್ತು. ಆಗಕೂಡದು. ಬೇಲಿಯ ಆಚೆ ಒಬ್ಬ ಮುದುಕಿ, "ಏನಂದ? ಆಗಕೂಡದು ಅಂದ್ನಾ?" ಎಂದಳು. ಯಾರೋ ಹೌದು ಎಂದರು.

ತಿಲಿತಿಗೆ ಮಾತ್ರ ಗೊತ್ತಾಯಿತು. ಒಂದೇ ಗುರುವಿನ ಹತ್ತಿರ ಕಲಿತವನಲ್ಲವೇ.

"ಅದು ಬರೀ ಬಿರುದು!" ಎಂದು ಕೂಗಿದ. "ವಾಕ್ಯ ಮುಗಿದಿಲ್ಲ. ಮುಂದೆ ಹೇಳೋ ಬರ್ಕ! ಅಸ್ಕಿಯಾ ಏನಂತಾರೆ?"

ದೆಂಡಿ-ಫಾರಿ ಆ ಮಾತಿಗೇ ಕಾಯುತ್ತಿದ್ದವನ ಹಾಗೆ ಮೂಲೆಯಿಂದ ಎದ್ದ.

"ಇನ್ನೇನು ಹೇಳ್ಬೇಕಪ್ಪಾ ನಿನಗೆ? ಆಗಕೂಡದು ಅಂದ್ರು. ಪಾಶಾನ ಮನೇಲಿ ಉಂಡು ಉಂಡು ನಮ್ಮ ಮಾತೇ ಮರೆತುಹೋಯ್ತಾ?" ಆಮೇಲೆ ಅಂಗಳಕ್ಕೆ ತಿರುಗಿ ಕೈ ಎತ್ತಿದ. "ದೊರೆ ಅಪ್ಪಣೆಯಾಯ್ತು ಕಣ್ರೋ! ಅ ಸಿ ಕಿಯಾ!"

"ಅ ಸಿ ಕಿಯಾ!" ಎಂದಿತು ಊರು.

ನನ್ನ ಅಂಗಿಯ ತುದಿ ಹಿಂದಿನಿಂದ ಜಗ್ಗಿತು. ಬಗ್ಗಿ ಕಿವಿ ಕೊಟ್ಟೆ. ದೊರೆಯ ಮುಖ ಬೆಂದ ಬದನೆಕಾಯಿಯಂತೆ ಆಗಿತ್ತು.

"ಏನಂದೆ ನೀನು?"

"ನಿಮ್ಮ ಹೆಸರು ಹೇಳಿದೆ ಒಡೆಯಾ. ಅಷ್ಟೇ ಹೇಳಿದ್ದು."

"ತಿದ್ದು! ಈಗಲೇ ತಿದ್ದು!"

"ವನಾದು ಹೇಳಿದ್ದನ್ನ ತಿದ್ದೋ ಹಂಗಿಲ್ಲ. ನಿಮ್ಮ ಮುತ್ತಾತ ಹಾಕಿದ ಕಟ್ಟಳೆ. ನೀವೇ ಗಟ್ಟಿಯಾಗಿ ಹೇಳಿದ್ರೆ ಎಲ್ಲರಿಗೂ ಕೇಳುತ್ತೆ."

ಅವನು ಬಾಯಿ ತೆರೆದ. ನಾಲ್ವರು ತಮ್ಮಂದಿರೂ ಒಟ್ಟಿಗೆ ಕತ್ತು ಮುಂದೆ ಚಾಚಿದರು. ಅವನು ಬಾಯಿ ಮುಚ್ಚಿದ. ಅದೇ ಹೊತ್ತಿಗೆ ಉಗುಳು ಹಿಡಿಯುವ ಮುದುಕ ಎಚ್ಚರವಾಗಿ, ತನಗೇ ಕರೆ ಬಂತೆಂದು ಗಡಿಬಿಡಿಯಿಂದ ತೋಳು ಚಾಚಿದ. ಸಾಮ್ರಾಜ್ಯ ಹೋಗಲಿ, ಕಟ್ಟಳೆ ಒಂದೂ ಬಿಡಬಾರದು ಎಂದು ನಲವತ್ತು ವರ್ಷ ಕಾಪಾಡಿಕೊಂಡು ಬಂದ ವಂಶ ಅದು. ಕಟ್ಟಳೆ ಮೊದಲ ಸಲ ಉಪಕಾರಕ್ಕೆ ಬಂತು.

ತಿಲಿತಿ ನಗಾರಿಯನ್ನು ಮತ್ತೆ ಹೊರಿಸಿಕೊಂಡು, ನಿಮ್ಮನ್ನೆಲ್ಲ ನೋಡಿಕೊಳ್ಳುತ್ತೇವೆ ಎಂದು ಹೇಳಿ ಅವತ್ತೇ ಹೊರಟ. ಬಂಡೆಗಳ ಹತ್ತಿರ ದೋಣಿ ಮೇಲಕ್ಕೆ ಎಳೆಯಲು ಜನ ಬೇಕಾದರು. ಕಸ್ಸೇಯ ಊರಿನವರು ಬಹಳ ಮರ್ಯಾದೆಯಿಂದ ಎಳೆದುಕೊಟ್ಟರು. ತಿಲಿತಿ ಈಜಿ ಬದುಕಿಕೊಂಡ. ನಗಾರಿ ತೇಲಿಕೊಂಡು ತಾನಾಗಿಯೇ ದಡಕ್ಕೆ ಬಂತು. ಕಸ್ಸೇ ಅದರಲ್ಲಿ ಹದಿನೈದು ದಿನ ಹೊಗೆಮೀನು ತುಂಬಿಟ್ಟಿದ್ದು, ಆಮೇಲೆ ಅರಮನೆಗೆ ಕಳಿಸಿದಳು. ಅಂತೂ ಅಸ್ಕಿಯಾಗೆ ನಗಾರಿ ಸಿಕ್ಕಿತು. ಬಾರಿಸಿದರೆ ಸ್ವಲ್ಪ ಮೀನಿನ ವಾಸನೆ.

ಕೋವಿಯವರು ಮಳೆಗಾಲ ಮುಗಿದ ಮೇಲೆ ನಿಜವಾಗಿಯೂ ಬಂದರು. ದೆಂಡಿ-ಫಾರಿಯ ಬಿಲ್ಲುಗಾರರು ಹುಲ್ಲಿನೊಳಗೆ, ಮೀನುಗಾರರು ನೀರಿನೊಳಗೆ. ಅವರ ಕೋವಿಮದ್ದು ನೆನೆಯಿತು, ಜ್ವರ ಹಿಡಿಯಿತು, ಅಷ್ಟರಲ್ಲಿ ಅತ್ತ ಟಿಂಬಕ್ಟುವಿನಲ್ಲಿ ಅವರವರೇ ಸೇರಿ ಪಾಶಾನನ್ನು ಇಳಿಸಿದರು. ಅವರ ಪಾಶಾಗಳು ನಮ್ಮ ಅಸ್ಕಿಯಾಗಳಿಗಿಂತ ಬೇಗ ಬದಲಾಗುತ್ತಿದ್ದರು. ಬಂದವರಲ್ಲಿ ಅರ್ಧ ಜನ ಹಿಂದಿರುಗಿದರು. ನಮ್ಮ ಕಡೆ ಸತ್ತವರು ಮೂವತ್ತೊಂದು, ಎಲ್ಲರೂ ಮೀನುಗಾರರು ಮತ್ತು ಬಿಲ್ಲುಗಾರರು. ಒಂಬತ್ತು ಜನರಲ್ಲಿ ಇಬ್ಬರು ಅದರಲ್ಲಿದ್ದರು. ಕಸ್ಸೇಯ ಎಡಗೈಯ ಎರಡು ಬೆರಳು ಹೋದವು. ಇಲ್ಲದ ಸೀಮೆಗಳ ಒಡೆಯರಿಗೆ ಒಂದು ಗಾಯವೂ ಆಗಲಿಲ್ಲ, ದೇವರು ದೊಡ್ಡವನು.

ಹಾಡು ಮಾತ್ರ ಅಸ್ಕಿಯಾನ ಮೇಲೆ ಕಟ್ಟಿದರು. ಬೇರೆ ದೊರೆಗಳಿಗೆ ನೂರು ಮಾತು ಬೇಕು, ನಮ್ಮ ದೊರೆಗೆ ಒಂದೇ ಮಾತು ಸಾಕು ಎಂದು ಹಾಡು. ಅವನೂ ದಿನಾ ಕೇಳಿದ, ದಿನಾ ತಲೆದೂಗಿದ. ಮೂರನೆಯ ತಿಂಗಳಲ್ಲಿ ಅಸ್ಕಿಯಾ ನನ್ನನ್ನು ಒಳಗೆ ಕರೆದ.

"ಬರ್ಕ, ಆ ಶುಕ್ರವಾರ ನಾನು ಏನು ಹೇಳಿದ್ದೆ?"

"ಆಗಕೂಡದು ಅಂದ್ರಿ, ಒಡೆಯಾ."

"ಹೌದಲ್ವಾ? ನನಗೂ ಹಂಗೇ ನೆನಪು." ಸ್ವಲ್ಪ ಹೊತ್ತು ಮೀಸೆ ನೀವಿಕೊಂಡ. ಆಮೇಲೆ ನನ್ನನ್ನು ನೋಡಿದ. "ನಿನ್ನ ಕೆಮ್ಮು ವಾಸಿ ಆಯ್ತಾ?"

ತನ್ನ ಪಿಸುಮಾತನ್ನು ಕಿವಿಯಾರೆ ಕೇಳಿದವನು ಭೂಮಿಯ ಮೇಲೆ ನಾನೊಬ್ಬನೇ ಎಂದು ಅವನಿಗೆ ಗೊತ್ತಿತ್ತು. ಅಸ್ಕಿಯಾ ದಡ್ಡನಲ್ಲ. ಬುದ್ಧಿಯನ್ನು ತನ್ನವರ ಮೇಲೆ ಮಾತ್ರ ಖರ್ಚು ಮಾಡುತ್ತಿದ್ದ.

ಮುಂದಿನ ಸಭೆಯಲ್ಲಿ ಅವನ ಪಕ್ಕ ಹೊಸ ವನಾದು ನಿಂತಿದ್ದ, ರಾಣಿಯ ತಮ್ಮ. ನನ್ನನ್ನು ಮುಂದೆ ಕರೆದರು. ಹೊಸಬ ಆಡಿನ ದನಿಯಲ್ಲಿ ಕೂಗಿದ: "ಅಸ್ಕಿಯಾ! ಬರ್ಕನ ಸೇವೆ ಮೆಚ್ಚಿ ಅವನನ್ನು ಕಬಾರಾ ರೇವಿನ ಒಡೆಯನನ್ನಾಗಿ ಮಾಡಿದ್ದಾರೆ!" ಹಿಂದಿನ ಕಬಾರಾ ಒಡೆಯ ಹೊಟ್ಟೆನೋವಿನಿಂದ ಸತ್ತಿದ್ದ. ನಾನು ತಲೆಗೆ ಮಣ್ಣು ಸುರಿದುಕೊಂಡೆ. ಸಭೆಯವರು ಮುಂದಿನ ಸಾಲಿನಲ್ಲಿ ನನಗೆ ಜಾಗ ಬಿಡಲು ಸರಿದರು.

ಹೊಸಬ ಉಸಿರು ತೆಗೆದುಕೊಂಡು ಮುಗಿಸಿದ: "ನಾಳೆಯೇ ಹೋಗಿ ಅಧಿಕಾರ ವಹಿಸಿಕೊಳ್ಳತಕ್ಕದ್ದು!"

ಸರಿದವರು ಹಾಗೆಯೇ ನಿಂತರು. ಹೋಗಿ ವಹಿಸಿಕೊಳ್ಳುವುದೇ? ಕಬಾರಾ ಎಂದರೆ ಟಿಂಬಕ್ಟುವಿನ ರೇವು, ಕೋವಿಯವರ ಹೆಬ್ಬಾಗಿಲು. ಅಲ್ಲಿಗೆ ಹೋದ ನಮ್ಮವನ ತಲೆ ಮಾರನೆಯ ದಿನ ಕಂಬದ ಮೇಲಿರುತ್ತದೆ. ನಲವತ್ತು ವರ್ಷದಲ್ಲಿ ಯಾರಿಗೂ ಯಾರೂ ಹೇಳದ ಮಾತು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿ ತಮ್ಮ ತಮ್ಮ ಬಿರುದುಗಳನ್ನು ನೆನೆಸಿಕೊಂಡು ಬೆವೆತರು. ಅಷ್ಟು ಸಂಕಟದಲ್ಲೂ ನನಗೆ ಅದನ್ನು ನೋಡಿ ಸಂತೋಷವಾಯಿತು.

ಕಸ್ಸೇ ದೋಣಿ ತಂದಳು. "ಹತ್ತಿ ಒಡೆಯರೇ," ಎಂದಳು. "ನಿಮ್ಮ ರಾಜ್ಯಕ್ಕೆ ಬಿಟ್ಟು ಬರ್ತೀನಿ." ನನ್ನ ಹೆಂಡತಿ ಗಂಟುಮೂಟೆಯ ಜೊತೆ ತಾನೂ ಹತ್ತಿ ಕುಳಿತಳು, ಬೇಡ ಎಂದರೆ ಕೇಳಲಿಲ್ಲ.

ಹನ್ನೆರಡು ದಿನ ಹೊಳೆ ಏರಿ ಕುಕಿಯಾದ ದ್ವೀಪಕ್ಕೆ ಬಂದೆವು. ಕಬಾರಾ ಇನ್ನೂ ತಿಂಗಳ ದಾರಿ. ದ್ವೀಪದಲ್ಲಿ ಮೀನುಗಾರರ ಹತ್ತು ಹದಿನೈದು ಊರುಗಳವರು ಕೂಡಿದ್ದರು. ಗಾವೊದ ಕೋವಿಯವರಿಂದ ಆಜ್ಞೆ ಬಂದಿತ್ತಂತೆ: ದೆಂಡಿಯ ಮೇಲೆ ಮತ್ತೆ ದಂಡು ಹೋಗಬೇಕು, ಎಲ್ಲ ದೋಣಿಗಳೂ ನಡೆಸುವವರ ಸಮೇತ ಶುಕ್ರವಾರದೊಳಗೆ ಗಾವೊಕ್ಕೆ ಬರಬೇಕು. ಕೊಡಬೇಕೋ ಬೇಡವೋ ಎಂದು ಬೆಳಗಿನಿಂದ ಜಗಳವಾಡುತ್ತಿದ್ದರು. ಕಸ್ಸೇ ಸುಮ್ಮನಿರಬಾರದೇ? "ಇವ್ರು ಕಬಾರಾ ಒಡೆಯರು, ಅಸ್ಕಿಯಾ ಕಳ್ಸಿರೋದು," ಎಂದುಬಿಟ್ಟಳು.

ಹಲ್ಲಿಲ್ಲದ ಒಬ್ಬ ಮುದುಕ ನನ್ನ ಹತ್ತಿರ ಬಂದ.

"ದೊರೆ ಕಡೆಯೋರು ಇಷ್ಟು ದೂರ ಬಂದಿದ್ದು ನಲವತ್ತು ವರ್ಷದಲ್ಲಿ ಇದೇ ಮೊದ್ಲು. ಹೇಳಿ ಸ್ವಾಮಿ. ಕೊಡೋಣವೋ ಬೇಡವೋ? ಏನಂತಾರೆ ಅವರು?"

ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಂತು ಎದೆ ತುಂಬಾ ಉಸಿರು ತೆಗೆದುಕೊಂಡೆ. ಆಮೇಲೆ ತಲೆಯನ್ನು ಬಲಕ್ಕೆ ವಾಲಿಸಿ ಕಾದೆ. ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ವಾಲಿಸಿದೆ.

"ಅಣ್ಣಾ," ಎಂದಳು ಕಸ್ಸೇ ಮೆಲ್ಲಗೆ, "ಕಿವಿ ಯಾಕೆ ಓರೆ ಮಾಡಿದೀಯಾ? ನಿನ್ನ ಹಿಂದೆ ಇರೋದು ಮೀನು ಒಣಗಿಸೋ ತಟ್ಟಿ."

ಜನ ನಕ್ಕರು. ನನಗೆ ಹೆದರಿಕೆಯಾಯಿತು. ತೊಂದಿಬಿಯ ಕಥೆ ಕೇಳಿದಾಗಲೂ, ಅಸ್ಕಿಯಾ ಕೆಮ್ಮಿನ ವಿಷಯ ಕೇಳಿದಾಗಲೂ ಅಷ್ಟು ಹೆದರಿಕೆಯಾಗಿರಲಿಲ್ಲ. ತಪ್ಪಾದರೆ, ಒಡೆಯರು ಹೇಳಿದ್ದು ಎನ್ನಲು ಈಗ ಒಡೆಯರಿಲ್ಲ. ಈ ಜನ ಸತ್ತರೆ ನನ್ನ ಮಾತಿಗೆ ಸಾಯುತ್ತಾರೆ.

"ಅವರು ಏನೂ ಹೇಳಲಿಲ್ಲ ತಾತಾ," ಎಂದೆ. "ಇದು ನಾನು ಹೇಳೋದು."

"ನೀನೇ ಹೇಳಪ್ಪಾ. ಯಾರಾದ್ರೂ ಒಬ್ರು ಹೇಳಿ."

ಹೇಳಿದೆ. ಬೇರೆ ಮಾತು ನನಗೆ ಎಲ್ಲಿಂದ ಬರಬೇಕು, ಅದನ್ನೇ ಹೇಳಿದೆ. ಮೂರು ತುಂಡನ್ನೂ ಬಿಡಿಬಿಡಿಯಾಗಿ, ಆಚೆ ದಡಕ್ಕೆ ಕೇಳುವಂತೆ.

ಕೆಮ್ಮು ಬರಲಿಲ್ಲ.